ತಕ್ಕಡಿ ಸಾಹೇಬರು ಕುಡಿದ ಕೊಸರು

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರನ್ನು ಮಾರುಕಟ್ಟೆಯವರು ತಕ್ಕಡಿ ಸಾಹೇಬರು ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರುಗಳು ಬೇರೆ ಇದ್ದವು. ಅವು ಇಲ್ಲಿ ಬೇಡ. ಸಾಹೇಬರು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಯಲ್ಲಿ ತಕ್ಕಡಿ ತಾನಾಗಿ ನೆಟ್ಟಗಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಲಂಚ ಮುಟ್ಟಿದವರಲ್ಲ, ಕೊಟ್ಟವರೂ ಅಲ್ಲ. ಹೆಂಡತಿಯ ಸ್ವಂತ ತಮ್ಮನ ಧಾನ್ಯದ ಅಂಗಡಿಯಲ್ಲಿ ಎರಡು ಕಿಲೋ ತೂಕದ ಬಟ್ಟು ಹನ್ನೆರಡು ಗ್ರಾಂ ಸವೆದಿದ್ದಕ್ಕೆ ಬೆಳಿಗ್ಗೆ ದಂಡ ಹಾಕಿ, ಸಂಜೆ ಅದೇ ಭಾವಮೈದುನನ ಮನೆಯಲ್ಲಿ ಊಟಕ್ಕೆ ಕೂತು, ರುಚಿಯಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡ ಮನುಷ್ಯ.

ಇಂಥವರ ಹೆಂಡತಿಯಾಗಿರುವುದು ಗೌರವದ ಸಂಗತಿ ಎಂದು ಹೊರಗಿನವರು ಹೇಳುತ್ತಿದ್ದರು. ಆಕೆ ಅಲ್ಲಗಳೆಯುತ್ತಿರಲಿಲ್ಲ. ಆ ಗೌರವದಲ್ಲಿ ಆಕೆಗಿದ್ದ ಕೊರತೆ ಒಂದೇ: ಕೊಸರು.

ಮದುವೆಯಾದ ಹೊಸತರಲ್ಲಿ ಒಂದು ದಿನ ಸೊಪ್ಪಿನವಳು ಸೊಪ್ಪು ತೂಗಿ ಕೊಟ್ಟ ಮೇಲೆ ಕೊಸರೆಂದು ಒಂದು ಕೊತ್ತಂಬರಿ ಕಡ್ಡಿಯನ್ನು ಆಕೆಯ ಚೀಲಕ್ಕೆ ಹಾಕಿದ್ದಳು. ಸಾಹೇಬರು ಮನೆಯಲ್ಲಿ ಚೀಲ ಇಳಿಸಿ, ತೂಗಿ, ಆ ಕಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನು?"

"ಕೊಸರು. ಎಲ್ಲರಿಗೂ ಹಾಕ್ತಾಳೆ."

"ಎಲ್ಲರೂ ಇನ್‌ಸ್ಪೆಕ್ಟರ್ ಹೆಂಡತಿಯರಲ್ಲ. ವಾಪಸ್ ಕೊಟ್ಟು ಬಾ."

ಮಧ್ಯಾಹ್ನದ ಬಿಸಿಲಲ್ಲಿ ಆಕೆ ಒಂದು ಕಡ್ಡಿ ಹಿಡಿದುಕೊಂಡು ಹೋದಳು. "ಅಯ್ಯೋ, ಅಕ್ಕ ಕಡ್ಡಿ ವಾಪಸ್ ತಂದಿದ್ದಾರೆ ನೋಡ್ರೇ!" ಎಂದು ಸೊಪ್ಪಿನವಳು ಅಕ್ಕಪಕ್ಕದವರನ್ನೆಲ್ಲ ಕೂಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಡ್ಡಿಯನ್ನು ಗುಡ್ಡ ಮಾಡುವುದು ಎಂದರೇನೆಂದು ಆಕೆಗೆ ಅಂದು ತಿಳಿಯಿತು. ಅಲ್ಲಿಂದ ಮೂವತ್ತು ವರ್ಷ ಆ ಮಾರುಕಟ್ಟೆಯಲ್ಲಿ ಒಬ್ಬರೂ ಆಕೆಯ ಚೀಲಕ್ಕೆ ಒಂದು ಎಸಳು ಹೆಚ್ಚಿಗೆ ಹಾಕಲಿಲ್ಲ. ಪಕ್ಕದ ಮನೆಯವಳ ಚೀಲಕ್ಕೆ ಬೀಳುವುದನ್ನು ನೋಡುತ್ತ ನಿಲ್ಲುವುದು ಆಕೆಗೆ ಅಭ್ಯಾಸವಾಯಿತು.

ಇವರಿಬ್ಬರೂ ಹಡಗು ಹತ್ತಿದ್ದು ಆ ತಮ್ಮನಿಂದಲೇ. ಅವನು ತನಗೂ ತನ್ನ ಹೆಂಡತಿಗೂ ಐದು ದಿನದ ಸಮುದ್ರಯಾನಕ್ಕೆ ಟಿಕೆಟ್ ತೆಗೆಸಿದ್ದ. ಕುಡಿಯುವುದಕ್ಕೆಲ್ಲ ಮೊದಲೇ ಹಣ ಕಟ್ಟಿದ ಪ್ಯಾಕೇಜು. ಹೊರಡಲು ವಾರವಿರುವಾಗ ಅವನ ಹೆಂಡತಿ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಹಣ ವಾಪಸಿಲ್ಲ, ಹೆಸರು ಬದಲಾಯಿಸಬಹುದು ಎಂದರು. "ಭಾವ, ನೀವಾದ್ರೂ ಹೋಗಿ ಬನ್ನಿ" ಎಂದ. ಸಾಹೇಬರು ಪೂರ್ತಿ ಬೆಲೆ ಕೊಟ್ಟೇ ಟಿಕೆಟ್ ತೆಗೆದುಕೊಂಡರು. ಅವನು ಬೇಡ ಎನ್ನಲಿಲ್ಲ. ಹನ್ನೆರಡು ಗ್ರಾಂ ದಂಡ ಅವನಿಗಿನ್ನೂ ನೆನಪಿತ್ತು.

ಗಂಡ ಹೆಂಡತಿ ಇಬ್ಬರೂ ಮದ್ಯ ಮುಟ್ಟಿದವರಲ್ಲ. ಆದರೆ ಹಣ ಕಟ್ಟಿದ್ದನ್ನು ಹಾಳು ಮಾಡಬಾರದೆಂದು ಸಾಹೇಬರು ದಿನಕ್ಕೆ ನಾಲ್ಕು ಲೋಟ ಹಣ್ಣಿನ ರಸ ಕುಡಿಯುವುದೆಂದು ತೀರ್ಮಾನಿಸಿದರು. ಹಣ ಕಟ್ಟಿದವರ ಗುರುತಿಗೆ ಕೈಗೆ ಹಸಿರು ಪಟ್ಟಿ ಕಟ್ಟಿಸಿಕೊಂಡು ಇಬ್ಬರೂ ಒಂಬತ್ತನೇ ಡೆಕ್ಕಿನ ಬಾರಿಗೆ ಹೋಗಿ ಎತ್ತರದ ಸ್ಟೂಲುಗಳ ಮೇಲೆ ಕೂತರು. ಆಕೆಯ ಕಾಲು ನೆಲಕ್ಕೆ ಎಟುಕಲಿಲ್ಲ.

ಬಾರಿನವನು ನಲವತ್ತೈದು ದಾಟಿದ, ಬೋಳುತಲೆಯ, ದಪ್ಪ ಮಣಿಕಟ್ಟಿನ ಮನುಷ್ಯ. ನಿಂಬೆಹಣ್ಣನ್ನು ನೋಡದೆಯೇ ಹೋಳು ಮಾಡುತ್ತ ಎದುರಿನವರ ಜೊತೆ ಮಾತಾಡುತ್ತಿದ್ದ. ಟೋಪಿ ಹಾಕಿದ ಒಬ್ಬ ಹೆಂಗಸು ಕಟ್ಟೆಯ ಮೇಲಿದ್ದ ಗಾಜಿನ ಜಾಡಿಗೆ ಒಂದು ನೋಟು ತುರುಕಿ ಎದ್ದು ಹೋದಳು.

"ರೀ, ನಾವೂ ಏನಾದ್ರೂ ಕೊಡೋಣ."

ಸಾಹೇಬರು ಪ್ಯಾಕೇಜಿನ ಕಾಗದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಸೇವಾ ಶುಲ್ಕ ಸೇರಿದೆ. ಸೇರಿದೆ ಅಂದ ಮೇಲೆ ಸೇರಿದೆ."

"ಎಲ್ಲರೂ ಕೊಡ್ತಿದ್ದಾರಲ್ಲ."

"ಒಬ್ಬ ಕೊಟ್ಟರೆ ಲಂಚ, ಊರೆಲ್ಲ ಕೊಟ್ಟರೆ ರೂಢಿ. ಮುಚ್ಚಿಟ್ಟುಕೋ ಪರ್ಸು."

ಆಕೆ ಪರ್ಸು ಮುಚ್ಚಿದಳು. ಬಾಗಿಲವರೆಗೆ ಹೋದ ಮೇಲೆ, ಕನ್ನಡಕ ಮರೆತೆ ಎಂದು ಒಬ್ಬಳೇ ಹಿಂದಿರುಗಿ, ಮಡಚಿದ ನೋಟೊಂದನ್ನು ಲೋಟದ ಕೆಳಗೆ ತಳ್ಳಿದಳು. ಮನೆಯಲ್ಲಿ ಹೊಲಿಗೆ ಕಲಿಸಿ ಗಳಿಸಿದ ಆಕೆಯದೇ ದುಡ್ಡು.

"ಅವರಿಗೆ ಗೊತ್ತಾಗಬಾರದಪ್ಪ."

"ಯಾರಿಗಮ್ಮ? ಏನಮ್ಮ?" ಎಂದ ಬಾರಿನವನು. ನೋಟು ಆಗಲೇ ಕಾಣೆಯಾಗಿತ್ತು.

ಪಡೆಯುವ ಭಾಗ್ಯವಂತೂ ಇರಲಿಲ್ಲ; ಕೊಡುವುದರಲ್ಲೂ ಇಷ್ಟು ಸುಖವಿದೆಯೆಂದು ಆಕೆಗೆ ತಿಳಿದಿರಲಿಲ್ಲ. ಮಾರನೆಯ ದಿನ ಶಾಲು ಮರೆತಳು. ಅದರ ಮಾರನೆಯ ದಿನ ಕರವಸ್ತ್ರ. "ಈಚೆಗೆ ನಿನಗೆ ಮರೆವು ಜಾಸ್ತಿ ಆಗ್ತಿದೆ. ಊರಿಗೆ ಹೋದ ಮೇಲೆ ಡಾಕ್ಟರಿಗೆ ತೋರಿಸೋಣ" ಎಂದು ಸಾಹೇಬರು ನಿಜವಾಗಿ ಚಿಂತೆ ಮಾಡಿದರು.

ಆದರೆ ಅವರ ಕಣ್ಣಿಗೆ ನಿವೃತ್ತಿಯಾಗಿರಲಿಲ್ಲ. ಎರಡನೇ ದಿನವೇ, "ಇನ್ನೂರು ಎಂ.ಎಲ್. ಅಂತ ಬರೆದಿದ್ದಾರೆ. ಈ ಲೋಟದಲ್ಲಿರೋದು ಇನ್ನೂರಲ್ಲ" ಎಂದು ಗೊಣಗಿದರು.

"ಕಮ್ಮಿ ಇದೆಯಾ?"

"ಜಾಸ್ತಿ ಇದೆ."

"ಇದ್ದರೆ ಕುಡೀರಿ."

ಮೂರನೇ ದಿನ ಅವರು ಕ್ಯಾಬಿನ್ನಿನಿಂದ ಗೆರೆ ಹಾಕಿದ ಒಂದು ಗಾಜಿನ ಅಳತೆಯ ಲೋಟ ತಂದರು. ಸರಕಾರಿ ಮುದ್ರೆಯಿದ್ದ ಆ ಲೋಟ ಅವರು ಹೋದಲ್ಲೆಲ್ಲ ಶೇವಿಂಗ್ ಸಾಮಾನಿನ ಜೊತೆ ಹೋಗುತ್ತಿತ್ತು. ಮೂಲೆಯ ಮೇಜಿಗೆ ಹೋಗಿ ಅನಾನಸ್ ರಸವನ್ನು ಅದಕ್ಕೆ ಬಗ್ಗಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡಿದರು. ಇನ್ನೂರೆಂಟು. ಆಕೆಯದು ಇನ್ನೂರ ಒಂಬತ್ತು. ಜಾಡಿಗೆ ನೋಟು ಹಾಕುವ ಟೋಪಿಯ ಹೆಂಗಸಿನ ಲೋಟದಲ್ಲೂ ರಸ ಅಷ್ಟೇ ಮೇಲಕ್ಕಿದೆಯೆಂದು ದೂರದಿಂದಲೇ ಅಂದಾಜು ಮಾಡಿದರು. ಎಲ್ಲವೂ ಜೇಬಿನ ಡೈರಿಗೆ ಹೋಯಿತು.

ನಾಲ್ಕನೇ ದಿನ ಮಧ್ಯಾಹ್ನ ಆಕೆ ಕ್ಯಾಬಿನ್ನಿಗೆ ಬಂದಾಗ ಸಾಹೇಬರು ಮಡಚುವ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಪ್ರಯಾಣಿಕರು ಅಭಿಪ್ರಾಯ ಬರೆದು ಪೆಟ್ಟಿಗೆಗೆ ಹಾಕಲೆಂದು ಕೊಟ್ಟಿದ್ದ ಕಾರ್ಡು ಅದು. ಕಾರ್ಡು ಸಾಲದೆ ಎರಡು ಹಾಳೆ ಲಗತ್ತಿಸಿದ್ದರು. ಆಕೆ ಹೆಗಲ ಮೇಲಿಂದ ಬಗ್ಗಿ ಓದಿದಳು: "ವಿಷಯ: ಒಂಬತ್ತನೇ ಡೆಕ್ಕಿನ ಬಾರಿನಲ್ಲಿ ಭಕ್ಷೀಸಿನ ಆಸೆಗೆ ಅಳತೆ ಮೀರಿ ಸುರಿಯುತ್ತಿರುವ ಕುರಿತು."

ಅಂದು ಬೆಳಿಗ್ಗೆ ಕನ್ನಡಕ ಎರಡನೇ ಸಲ ಮರೆತಾಗ ಬಾರಿನವನು ನಗುನಗುತ್ತ ಹೇಳಿದ್ದ: "ಎಂಟು ತಿಂಗಳು ಹಡಗು, ಎರಡು ತಿಂಗಳು ಮನೆ, ಹೀಗೆ ನಡೀತಿದೆ ಅಮ್ಮ. ನಾಳೆ ದಡ ಮುಟ್ಟಿದ ಕೂಡಲೇ ಆಫೀಸಲ್ಲಿ ಕಾರ್ಡು ಓದ್ತಾರೆ. ಒಂದು ಕೆಟ್ಟ ಮಾತು ಬಂತು ಅಂದ್ರೆ ಮುಂದಿನ ಹಡಗಿಲ್ಲ, ವರ್ಷಪೂರ್ತಿ ಮನೆ. ನಾನು ಹೆದರೋದಕ್ಕಿಂತ ನನ್ನ ಹೆಂಡತಿ ಜಾಸ್ತಿ ಹೆದರ್ತಾಳೆ."

ಇಲ್ಲಿ ಒಂದು ಕೆಟ್ಟ ಮಾತಲ್ಲ, ಎರಡು ಹಾಳೆಯಿತ್ತು. ತಮ್ಮ ಲೋಟಕ್ಕೆ ಆ ಎಂಟು ಎಂ.ಎಲ್. ಬಿದ್ದದ್ದು ತನ್ನ ನೋಟುಗಳಿಂದಲೇ ಇರಬೇಕು ಎಂದು ಆಕೆಗೆ ಅನ್ನಿಸಿತು. ಒಳ್ಳೆಯದು ಮಾಡಲು ಹೋಗಿ ಒಬ್ಬನ ಅನ್ನಕ್ಕೆ ಕಲ್ಲು ಹಾಕಿದಂತಾಯಿತು. ನಿಜ ಹೇಳಿಬಿಡೋಣವೆಂದರೆ ಗಂಡನನ್ನು ಆಕೆ ಬಲ್ಲಳು. 'ನನ್ನ ಪತ್ನಿಯೇ ಹಣ ನೀಡಿರುತ್ತಾರೆ' ಎಂದು ಮೂರನೇ ಹಾಳೆ ಸೇರುತ್ತಿತ್ತು, ಅಷ್ಟೆ.

ಆಕೆ ಮಂಚದ ಅಂಚಿಗೆ ಕೂತಳು. "ಅಳೆದಾದ ಮೇಲೆ ಆ ಜ್ಯೂಸು ಏನು ಮಾಡಿದ್ರಿ?"

"ಕುಡಿದೆ."

"ಪೂರ್ತಿ?"

ಪೆನ್ನು ನಿಂತಿತು. "ಪೂರ್ತಿ."

"ಕೊಸರು ಸಮೇತ."

ಸಾಹೇಬರು ಪೆನ್ನನ್ನು ಹಾಳೆಯ ಮೇಲಿಟ್ಟರು.

"ನನ್ನ ಚೀಲಕ್ಕೆ ಒಂದು ಕಡ್ಡಿ ಬಿದ್ದಿದ್ದಕ್ಕೆ ಬಿಸಿಲಲ್ಲಿ ವಾಪಸ್ ಕಳಿಸಿದ್ರಿ. ಮಾರ್ಕೆಟ್ಟೇ ನಕ್ಕಿತು. ಈಗ ನೀವು ಫ್ಯಾನಿನ ಕೆಳಗೆ ಕೂತು ದಿನಕ್ಕೆ ನಾಲ್ಕು ಸಲ ಕೊಸರು ಕುಡಿದು, ಬಾಯಿ ಒರೆಸಿಕೊಂಡು, ಕೊಟ್ಟವನ ಮೇಲೆ ವರದಿ ಬರೀತಿದ್ದೀರಿ. ತಗೊಂಡವರ ಹೆಸರು ಎಲ್ಲಿದೆ ಇದರಲ್ಲಿ?"

ಸಾಹೇಬರು ಎರಡೂ ಹಾಳೆಗಳನ್ನು ಮೊದಲಿಂದ ಓದಿದರು. ಇರಲಿಲ್ಲ. ಅವರ ಕಿವಿ ಕೆಂಪಗಾಯಿತು. ಆಮೇಲೆ ಪೆನ್ನು ಎತ್ತಿಕೊಂಡು, "ನೀನು ಹೇಳಿದ್ದು ಸರಿ. ಅದನ್ನೂ ಸೇರಿಸ್ತೀನಿ" ಎಂದರು.

ಇದು ಆಕೆ ಎಣಿಸಿರದ ತಿರುವು. ಪ್ರಾಮಾಣಿಕರ ಜೊತೆ ಜಗಳವಾಡುವ ಕಷ್ಟವೇ ಇದು: ಗೆದ್ದರೂ ಸೋತ ಹಾಗೆ. ಆಕೆ ಸೆರಗು ಸರಿಮಾಡಿಕೊಂಡು ಕೊನೆಯ ಅಸ್ತ್ರ ತೆಗೆದಳು.

"ಅವನ ಹೇಳಿಕೆ ತಗೊಂಡ್ರಾ?"

"ಯಾರದು?"

"ಕೊಟ್ಟವನದು. ಎದುರಿನವನ ಮಾತು ಕೇಳದೆ ದಂಡ ಹಾಕಿದ್ದೀರಾ ಎಂದಾದ್ರೂ? ನನ್ನ ತಮ್ಮನಿಗೂ ಹಾಕೋ ಮೊದಲು ಅರ್ಧ ಗಂಟೆ ಕೇಳಿದ್ರಿ."

ಸಾಹೇಬರು ಎದ್ದು ಚಪ್ಪಲಿ ಮೆಟ್ಟಿದರು.

ನಾಲ್ಕು ಗಂಟೆ. ಜನರೆಲ್ಲ ಈಜುಕೊಳದ ಹತ್ತಿರವಿದ್ದರು, ಬಾರು ಖಾಲಿಯಾಗಿತ್ತು. ಸಾಹೇಬರು ಕಟ್ಟೆಯ ಮೇಲೆ ಅಳತೆಯ ಲೋಟ, ಡೈರಿ, ಹಾಳೆಗಳನ್ನು ಸಾಲಾಗಿ ಇಟ್ಟರು. ಬಾರಿನವನು ಕೈ ಒರೆಸಿಕೊಂಡು ಲೋಟದ ಮೇಲಿನ ಮುದ್ರೆ ನೋಡಿದ. ಆಕೆ ಗಂಡನ ಹಿಂದೆ ನಿಂತು ಕಣ್ಣಲ್ಲೇ ಏನೇನೋ ಹೇಳಿದಳು. ಅಷ್ಟೊಂದು ಸಂಗತಿಯನ್ನು ಕಣ್ಣಲ್ಲಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

"ಕಂಪನಿ ಅಳತೆ ಎಷ್ಟು?"

"ಇನ್ನೂರು ಸಾರ್."

"ನೀವು ಸುರಿಯೋದು?"

"ಇನ್ನೂರೆಂಟು, ಇನ್ನೂರೊಂಬತ್ತು."

ಸಾಹೇಬರು ದಂಗಾದರು. ಮೂವತ್ತಮೂರು ವರ್ಷದಲ್ಲಿ ಮೊದಲ ಪ್ರಶ್ನೆಗೇ ಒಪ್ಪಿಕೊಂಡವರು ಒಬ್ಬರೂ ಇರಲಿಲ್ಲ.

"ಯಾಕೆ?"

"ಹಡಗು ಅಲುಗಾಡುತ್ತೆ, ಕೈ ಜಾರುತ್ತೆ ಅಂತ ಕಂಪನಿಯವರು ಚೆಲ್ಲೋದಕ್ಕೇ ನೂರಕ್ಕೆ ಐದು ಬಿಟ್ಟಿದ್ದಾರೆ ಸಾರ್. ಹದಿನಾರು ವರ್ಷ ಆಯ್ತು, ನನ್ನ ಕೈಯಲ್ಲಿ ಚೆಲ್ಲಲ್ಲ. ಉಳಿದಿದ್ದನ್ನ ಏನು ಮಾಡಲಿ? ಸಮುದ್ರಕ್ಕೆ ಸುರೀಲಾ? ಅದಕ್ಕೇನು ಕಮ್ಮಿ ಆಗಿದೆ?"

"ಯಾರ ಲೋಟಕ್ಕೆ ಹಾಕ್ತೀರಿ?"

"ಎದುರಿಗೆ ಯಾರು ಕೂತಿರ್ತಾರೋ ಅವರ ಲೋಟಕ್ಕೆ."

ಇನ್ನೂರಕ್ಕೆ ನೂರಕ್ಕೈದರಂತೆ ಹತ್ತು. ಎಂಟೂ ಒಂಬತ್ತೂ ಅದರ ಒಳಗೇ ಇದ್ದವು. ಸಾಹೇಬರು ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಅವರ ಇಲಾಖೆಯಲ್ಲೂ ಇಂಥದೊಂದು ನಿಯಮವಿತ್ತು. ಮನುಷ್ಯರ ಕೈ, ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಇಷ್ಟರವರೆಗೆ ಕ್ಷಮಿಸಬಹುದು ಎಂದು. ಅಂಗಡಿಯವರೆಲ್ಲ ಆ ನಿಯಮದ ಕಡಿಮೆಯ ಭಾಗವನ್ನು ಮಾತ್ರ, ಅದೂ ಕೊನೆಯ ಗ್ರಾಂವರೆಗೆ, ಬಳಸಿಕೊಂಡಿದ್ದರು. ಅದಕ್ಕೆ ಹೆಚ್ಚಿನ ಭಾಗವೂ ಒಂದಿದೆ ಎಂಬುದು ಸಾಹೇಬರಿಗೆ ಮರೆತೇಹೋಗಿತ್ತು.

"ಟಿಪ್ಸ್ ಆಸೆಗೆ ಸುರೀತೀರಿ ಅಂತ ಬರೆದಿದ್ದೆ" ಎಂದು ನಿಧಾನವಾಗಿ ಹೇಳಿದರು. "ನಾನು ನಿಮಗೆ ಒಂದು ಕಾಸಾದ್ರೂ ಕೊಟ್ಟಿದ್ದೀನಾ?"

ಬಾರಿನವನು ಅವರ ಹೆಗಲಾಚೆ ಒಮ್ಮೆ ನೋಡಿದ. ಅಲ್ಲಿ ಆಕೆ ಸಮುದ್ರವನ್ನು ಈ ಮೊದಲು ನೋಡೇ ಇಲ್ಲವೆಂಬಂತೆ ನೋಡುತ್ತಿದ್ದಳು.

"ನೀವಾ? ಇಲ್ಲ ಸಾರ್. ಆಣೆ ಮಾಡಿ ಹೇಳ್ತೀನಿ, ನೀವು ಒಂದು ಕಾಸೂ ಕೊಟ್ಟಿಲ್ಲ" ಎಂದ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಉತ್ಸಾಹದಿಂದ.

"ಆದರೂ ನನ್ನ ಲೋಟದಲ್ಲಿ ಇನ್ನೂರೆಂಟು!" ಸಾಹೇಬರು ಕಟ್ಟೆ ಗುದ್ದಿದರು. ಪುರಾವೆ ಸಿಕ್ಕ ಸಂತೋಷ ಅವರ ಮುಖದಲ್ಲಿ ಬೆಳಗಿತು. "ಕೇಳಿಸ್ತೇನೇ? ಲಂಚ ಆಗಿದ್ರೆ ನನಗೆ ಇನ್ನೂರೇ ಬರಬೇಕಿತ್ತು!"

"ಕೇಳಿಸ್ತು" ಎಂದಳು ಆಕೆ, ಸಮುದ್ರದ ಕಡೆಯಿಂದ.

ಎರಡೂ ಹಾಳೆ ಹರಿದು ನಾಲ್ಕಾಗಿ, ಎಂಟಾದವು. ಹೊಸ ಕಾರ್ಡು ತರಿಸಿ ಸಾಹೇಬರು ಒಂದೇ ಸಾಲು ಬರೆದರು: "ಪರೀಕ್ಷಿಸಲಾಗಿದೆ. ಅಳತೆ ಸರಿಯಿದೆ." ಕೆಳಗೆ ಸಹಿ, ಮಾಜಿ ಹುದ್ದೆ, ತಾರೀಖು. ಇಷ್ಟು ಒಳ್ಳೆಯ ಮಾತನ್ನು ಅವರು ಸೇವೆಯಲ್ಲಿದ್ದಾಗಲೂ ಹೆಚ್ಚು ಜನರಿಗೆ ಬರೆದುಕೊಟ್ಟಿರಲಿಲ್ಲ.

ಆಮೇಲೆ ಜೇಬಿಗೆ ಕೈ ಹಾಕಿದರು. "ಕೊಸರು ತಗೊಂಡಿದ್ದಂತೂ ನಿಜ. ಅದು ನನ್ನ ಮೇಲೆ ಉಳೀಬಾರದು." ಟಿಪ್ಸ್ ಕೊಟ್ಟು ಗೊತ್ತಿರದ ಕೈ ನೋಟನ್ನು ಕೆಂಡ ಹಿಡಿದಂತೆ ಮುಂದೆ ಚಾಚಿತು. "ಇದು ಟಿಪ್ಸ್ ಅಲ್ಲ."

"ಅಲ್ಲ ಸಾರ್."

"ಭಕ್ಷೀಸೂ ಅಲ್ಲ."

"ಖಂಡಿತ ಅಲ್ಲ."

"ರಸೀದಿ ಕೊಡಿ."

ಬಾರಿನವನು ಒಂದು ಕ್ಷಣ ಯೋಚಿಸಿ, ಲೋಟದ ಕೆಳಗಿಡುವ ದುಂಡು ರಟ್ಟೊಂದನ್ನು ತೆಗೆದು ಅದರ ಮೇಲೆ 'ಕೊಸರಿನ ಬಾಬ್ತು ಮುಟ್ಟಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟ. ಸಾಹೇಬರು ಅದನ್ನು ಓದಿ, ಊದಿ ಒಣಗಿಸಿ, ಡೈರಿಯೊಳಗಿಟ್ಟುಕೊಂಡರು.

ಬಾಗಿಲವರೆಗೆ ಹೋದ ಮೇಲೆ ಆಕೆಗೆ ಶಾಲಿನ ನೆನಪಾಯಿತು. ಈ ಸಲ ನಿಜವಾಗಿಯೂ ಮರೆತಿದ್ದಳು. ಬಾರಿನವನು ಶಾಲನ್ನು ಮಡಚಿ ಕೈಗೆ ಕೊಟ್ಟ. ನಾನು ಕೊಡದಿದ್ದರೂ ನೀನು ಅವರಿಗೆ ಹೆಚ್ಚಿಗೆ ಸುರಿಯುತ್ತಿದ್ದೆಯಾ ಎಂಬ ಪ್ರಶ್ನೆ ಆಕೆಯ ನಾಲಿಗೆಯ ತುದಿಗೆ ಬಂತು. ಅವನಿಗೂ ಅದು ಅರ್ಥವಾಗಿರಬೇಕು.

"ಅಮ್ಮ, ಒಂದು ಮಾತು..."

"ಹೇಳಬೇಡಪ್ಪ" ಎಂದು ಆಕೆ ಹೊರಟುಬಂದಳು. ಕಾರ್ಡು ಪೆಟ್ಟಿಗೆಗೆ ಬಿದ್ದಾಗಿತ್ತು.

ಊರಿಗೆ ಬಂದ ಮೇಲೆ ಸಾಹೇಬರು ಈ ಕಥೆಯನ್ನು ಬಂದವರಿಗೆಲ್ಲ ರಟ್ಟಿನ ರಸೀದಿ ಸಮೇತ ಹೇಳಿದರು. 'ನಾನು ಒಂದು ಕಾಸೂ ಕೊಟ್ಟಿರಲಿಲ್ಲ' ಎಂಬ ಜಾಗ ಬಂದಾಗಲೆಲ್ಲ ಆಕೆಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತಿತ್ತು.

ಮುಂದಿನ ವಾರ ಅವರೂ ಆಕೆಯ ಜೊತೆ ಮಾರುಕಟ್ಟೆಗೆ ಬಂದರು. ಈಗ ಹಲ್ಲುದುರಿದ ಅದೇ ಸೊಪ್ಪಿನವಳು ಸೊಪ್ಪು ತೂಗಿ ಚೀಲಕ್ಕೆ ಹಾಕಿದಳು. ಸಾಹೇಬರು ಕದಲಲಿಲ್ಲ. ಗಂಟಲು ಸರಿಮಾಡಿಕೊಂಡು, "ಕೊಸರು?" ಎಂದರು.

ಸೊಪ್ಪಿನವಳು ಬಿಳಿಚಿಕೊಂಡು ಸೊಪ್ಪನ್ನು ಚೀಲದಿಂದ ಕಿತ್ತು ಮತ್ತೆ ತಕ್ಕಡಿಗೆ ಹಾಕಿದಳು. "ಸರಿಯಾಗೇ ಇದೆ ಸಾಹೇಬ್ರೇ, ನೀವೇ ನೋಡಿ!"

"ತೂಕ ಸರಿ ಇದೆಯಮ್ಮ. ಕೊಸರು ಕೇಳಿದೆ."

"ಅಕ್ಕಾ, ಸಾಹೇಬ್ರಿಗೆ ಮೈ ಹುಷಾರಿದೆ ತಾನೆ?" ಎನ್ನುತ್ತ ಅವಳು ಒಂದು ಕೊತ್ತಂಬರಿ ಕಡ್ಡಿ ತೆಗೆದಳು. ಸಾಹೇಬರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಮ್ಮೆ ಮೇಲೆ ಕೆಳಗೆ ಆಡಿಸಿ, "ನಾಲ್ಕು ಗ್ರಾಂ. ಮಿತಿಯೊಳಗಿದೆ" ಎಂದು ಹೆಂಡತಿಯ ಚೀಲಕ್ಕೆ ಹಾಕಿದರು.

ಆಕೆ ಚೀಲದ ಬಾಯಿ ಮುಚ್ಚಲಿಲ್ಲ. "ಇನ್ನೂ ಹಾಕಮ್ಮ" ಎಂದಳು ಸೊಪ್ಪಿನವಳಿಗೆ. "ಮೂವತ್ತು ವರ್ಷದ ಬಾಕಿಯಿದೆ."

ಸಾಹೇಬರು ಮುಖ ತಿರುಗಿಸಿ ಪಕ್ಕದ ಅಂಗಡಿಯ ಬೋರ್ಡು ಓದತೊಡಗಿದರು. ಕಣ್ಣು ಆಚೆ ತಿರುಗಿಸುವುದು ಸೇವೆಯಲ್ಲಿದ್ದಷ್ಟು ಕಾಲ ಅವರು ಒಮ್ಮೆಯೂ ಮಾಡದ ಕೆಲಸ.