ಮೌನೇಶ ಅಳೆದ ರಿವಾಲ್ವರ್

ಕಲಬುರಗಿಯ ಶಹಾಬಜಾರದ ಸಂದಿಯಲ್ಲಿ ಲೋಹ ಕೊರೆಯುವ ಲೇಥ್ ಇಟ್ಟುಕೊಂಡಿರುವ ಮೌನೇಶನಿಗೆ ಗೆಳೆಯರು ಕಡಿಮೆ. ಇದರಲ್ಲಿ ಗೆಳೆಯರ ತಪ್ಪೇನೂ ಇಲ್ಲ. ತನ್ನದೇ ಮಗಳ ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರು ಎತ್ತರ ಐದಡಿ ಹತ್ತಿಂಚು ಎಂದಾಗ ಈ ಪುಣ್ಯಾತ್ಮ ಟೇಪ್ ತಂದ. ಹುಡುಗ ಐದಡಿ ಏಳಿಂಚು ಇದ್ದ. ಸಂಬಂಧ ಅಲ್ಲಿಗೇ ಮುರಿಯಿತು.

ಇಂಥವನನ್ನು ಹುಡುಕಿಕೊಂಡು ಕಳೆದ ಶ್ರಾವಣದಲ್ಲಿ ಕಮಲಾಪುರದ ಮಲ್ಕಪ್ಪ ಬಂದ. ಎಟಿಎಂಗೆ ನೋಟು ಸಾಗಿಸುವ ಗಾಡಿಯ ಕಾವಲುಗಾರ. ಸ್ವಂತ ಲೈಸೆನ್ಸಿನ ರಿವಾಲ್ವರ್ ಇದೆಯೆಂದೇ ಅವನಿಗೆ ಆ ನೌಕರಿ. ಕಂಪನಿಯ ತಪಾಸಣೆ ಸಾಹೇಬರು ಮಹಾ ಪಂಡಿತರಂತೆ ರಿವಾಲ್ವರಿನ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಸ್ಕೇಲ್ ಹಿಡಿದು, ಅಂಚಿನ ಇಳಿಜಾರನ್ನೂ ಸೇರಿಸಿ ಒಂಬತ್ತು ಮಿಲಿಮೀಟರ್ ಎಂದು ಬರೆದಿದ್ದರು. ಲೈಸೆನ್ಸಿನಲ್ಲಿದ್ದದ್ದು ಪಾಯಿಂಟ್ ಮೂವತ್ತೆರಡು ಬೋರು, ಆ ಹೆಸರಿನ ಕೊಳವೆಯ ನಿಜವಾದ ಒಳ ಅಳತೆ ಎಂಟು ಮಿಲಿಮೀಟರಿಗೂ ಚೂರು ಕಡಿಮೆ. ಸೋಮವಾರದೊಳಗೆ ಬಗೆಹರಿಯದಿದ್ದರೆ ನೌಕರಿಯೂ ಹೋಗಿ, ಕಳ್ಳ ಆಯುಧದ ಕೇಸೂ ಬೀಳುತ್ತಿತ್ತು.

"ಇಪ್ಪತ್ತು ವರ್ಷ ಸೊಂಟಕ್ಕ ಕಟ್ಕೊಂಡು ತಿರಗೇನ್ರಿ. ಒಂದು ಗುಂಡೂ ಹಾರಿಸಿಲ್ಲ," ಎಂದ ಮಲ್ಕಪ್ಪನ ಕಣ್ಣು ತುಂಬಿ ಬಂತು.

ಗುಂಡು ತೆಗೆಸಿ ಮೌನೇಶ ಕೊಳವೆಯೊಳಗೆ ಇಣುಕಿದ. ಸುರುಳಿಯಾಗಿ ಕೊರೆದ ಐದು ಗೀರುಗಳಿದ್ದವು. ಐದಿದ್ದರೆ ಒಂದು ತಗ್ಗಿನ ಎದುರಿಗೆ ದಿಬ್ಬವೇ ಬರುತ್ತದೆ, ಎರಡು ದವಡೆಯ ಅಳತೆಗೋಲು ತಗ್ಗಿನಿಂದ ತಗ್ಗಿಗೆ ಮುಟ್ಟುವುದಿಲ್ಲ. "ವರ್ನಿಯರ್ ಹಾಕಿದ್ರ ಅದೂ ಸುಳ್ಳು ಹೇಳ್ತದ ನೋಡ್ರಿ," ಎಂದ. ಮೆತ್ತನೆಯ ಸೀಸದ ತುಂಡಿಗೆ ಎಣ್ಣೆ ಸವರಿ, ಕಟ್ಟಿಗೆಯ ಕೋಲಿನಿಂದ ತಟ್ಟಿ ತಟ್ಟಿ ಕೊಳವೆಯಿಂದ ಹಾಯಿಸಿದ. ಐದೂ ಗೀರುಗಳ ಅಚ್ಚು ಹೊತ್ತು ಅದು ಹೊರಬಂತು. ಆಮೇಲೆ ಲೇಥಿನ ಮೇಲೆ ಹಿತ್ತಾಳೆಯ ಉಂಗುರವೊಂದನ್ನು ಕೂದಲೆಳೆಯಷ್ಟೇ ಕೊರೆಯುತ್ತ ಹೋದ. ಸೀಸ ಅದರೊಳಗೆ ಅಲುಗದಂತೆ ಕೂತಾಗ ಮಧ್ಯಾಹ್ನವಾಗಿತ್ತು. ಉಂಗುರದ ತೂತು ಅಳೆದ. ಏಳು ಪಾಯಿಂಟ್ ಒಂಬತ್ತು ಎರಡು ಮಿಲಿಮೀಟರ್.

ಇಬ್ಬರೂ ಬಸ್ ಹತ್ತಿ ಕಮಲಾಪುರದ ಕಂಪನಿ ಕಚೇರಿಗೆ ಹೋದರು. ಸಾಹೇಬರು ಉಂಗುರವನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಅಳತಿ ಚಲೋ ಮಾಡೀರಿ. ಆದ್ರ ನನ್ನ ರಿಪೋರ್ಟ್ ಮ್ಯಾಲಕ್ಕ ಹೋಗ್ಯದ. ಹೆಂಗೂ ಲೇಥ್ ಅದ ನಿಮ್ಮಲ್ಲಿ. ಕೊಳವಿ ಒಂದೀಟು ಕೊರದು ಒಂಬತ್ತು ಮಾಡಿಬಿಡ್ರಿ, ಹೊಂದ್ತದ."

ಕೊಳವೆ ಕೊರೆದರೆ ಸಾಹೇಬರ ಸುಳ್ಳು ನಿಜವಾಗಿ, ಮಲ್ಕಪ್ಪ ನಿಜವಾಗಿಯೂ ಅಪರಾಧಿಯಾಗುತ್ತಿದ್ದ. ಮೌನೇಶ ಮಾತ್ರ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ.

"ಮಾಡ್ತೇನ್ರಿ ಸಾಹೇಬ್ರ. ಈಗ ಹೇಳಿದ್ದನ್ನ ಹಂಗ ಬರ್ದು ಸಹಿ ಹಾಕಿ ಕೊಡ್ರಿ."

ಸಾಹೇಬರು ಪೆನ್ನನ್ನು ಹಿಂದಕ್ಕೆ ತಳ್ಳಿದರು. ಆಮೇಲೆ, ಮೇಲಕ್ಕೆ ಹೋಗಿದ್ದ ರಿಪೋರ್ಟು ಅವರದೇ ಮೇಜಿನ ಖಾನೆಯಿಂದ ಹೊರಬಂತು. 'ನಾನೇ ಖುದ್ದಾಗಿ ಮರು ಅಳತೆ ಮಾಡಲಾಗಿ' ಎಂದು ಶುರುಮಾಡಿ, ಒಂಬತ್ತನ್ನು ಹೊಡೆದುಹಾಕಿ ಮೌನೇಶನ ಅಳತೆ ಬರೆದರು.

ರಸ್ತೆಗೆ ಬಂದ ಮೇಲೆ ಮಲ್ಕಪ್ಪನಿಗೆ ಬಾಯಿ ಬಂತು. "ಅವ್ರು ಸಹಿ ಹಾಕಿ ಕೊಟ್ಟಿದ್ರ ಏನು ಮಾಡ್ತಿದ್ರಿ?"

"ಹಾಕಂಗಿಲ್ಲ ಅಂತ ನನಗ ಗೊತ್ತಿತ್ತು ತಗೋರಿ," ಎಂದ ಮೌನೇಶ.

ಗೊತ್ತಿರಲಿಲ್ಲ. ಬಸ್ಸು ಕಲಬುರಗಿ ಮುಟ್ಟುವವರೆಗೂ ಅವನು ಜೇಬಿನ ಪೆನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.