ಕಪ್ಪು ಪರದೆಯ ಮುಂದೆ ಕಳೆದ ಭಾನುವಾರಗಳು

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿಯನ್ನು ಯಾರು ಹಬ್ಬಿಸಿದರೋ ಇವತ್ತಿಗೂ ಗೊತ್ತಿಲ್ಲ. ಬಳ್ಳಾರಿಯ ಒಂದು ಸಣ್ಣ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಒಂದು ಮಧ್ಯಾಹ್ನ ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆದೆ. ನನ್ನ ಕಂಪ್ಯೂಟರ್ ವಿದ್ಯಾಭ್ಯಾಸ ಅಷ್ಟೇ. ಅಲ್ಲಿಂದ ಮುಂದೆ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ನನಗೆ ಕರೆ ಬರತೊಡಗಿತು. ಟೀವಿ ರಿಮೋಟು, ಇನ್ವರ್ಟರು, ಒಮ್ಮೆ ಮಿಕ್ಸಿ ಕೂಡ. "ವೈರ್ ಇರೂದೆಲ್ಲಾ ಒಂದ ರೀ, ನೋಡ್ರಿ ಸ್ವಲ್ಪ" ಎಂದು ಪಕ್ಕದ ಮನೆಯವರು ಮಿಕ್ಸಿಯನ್ನು ನನ್ನ ಕೈಗಿಟ್ಟಾಗ ನಾನು ಅದನ್ನು ತಿರುಗಿಸಿ, ಗಂಭೀರವಾಗಿ ಒಳಗೆ ಇಣುಕಿ, ವಾಪಸು ಕೊಟ್ಟಿದ್ದೆ. ಅದು ತಾನಾಗಿ ಸರಿಹೋಯಿತು. ನನ್ನ ಹೆಸರು ಇನ್ನಷ್ಟು ಕೆಟ್ಟಿತು, ಅಂದರೆ ಬೆಳೆಯಿತು.

ಹೀಗೆ ಬೆಳೆದ ಹೆಸರು ಕುರುಗೋಡಿಗೂ ಮುಟ್ಟಿ, ಹಂಪಮ್ಮ ಟೀಚರ ಕಿವಿಗೆ ಬಿತ್ತು.

ಹಂಪಮ್ಮ ಟೀಚರು ನನಗೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಇಸವಿ ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ಸುಮ್ಮನೆ ನಮ್ಮನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಆ ನೋಟಕ್ಕೆ ಹೆದರಿ ನಾವು ಇಡೀ ವಿಜಯನಗರವನ್ನು ಬಾಯಿಪಾಠ ಮಾಡಿದ್ದೆವು. ಅವರ ಆ ಕಣ್ಣುಗಳೇ ಐವತ್ತರ ಹೊಸ್ತಿಲಲ್ಲಿ ನಿಧಾನಕ್ಕೆ ಸೋತು, ಕಡೆಗೆ ಪೂರ್ತಿ ಕೈಕೊಟ್ಟವು. ಡಾಕ್ಟರುಗಳು ಮಾಡಬೇಕಾದ್ದನ್ನೆಲ್ಲಾ ಮಾಡಿದರು. ಟೀಚರು ಒಂದಿಷ್ಟು ದಿನ ಮನೆಯಲ್ಲಿ ಕೂತು, ಆಮೇಲೆ ಕೋಲು ಹಿಡಿದು ಶಾಲೆಗೆ ವಾಪಸಾದರು. ಪಾಠ ಅವರ ತಲೆಯಲ್ಲಿತ್ತು. ಹೊಸ ಪುಸ್ತಕ ಬಂದಾಗ ಗಂಡ ಪಂಪಣ್ಣ ಓದಿ ಹೇಳುತ್ತಿದ್ದರು.

ಪಂಪಣ್ಣನವರು ಹತ್ತಿ ಮಂಡಿಯಲ್ಲಿ ಕೆಲಸಕ್ಕಿದ್ದವರು, ಹೃದಯವಂತರು, ಆದರೆ ಓದುವುದರಲ್ಲಿ ಅವಸರದವರು. ತಮಗೆ ಬೇಸರವಾದ ಪ್ಯಾರಾಗಳನ್ನು ಹಾರಿಸಿಬಿಡುತ್ತಿದ್ದರು. "ನಮ್ಮ ಮನಿಯವ್ರು ಓದಿದ್ರ ಮೊಘಲರು ಒಂದ ಕಪ್ ಚಾ ಮುಗಿಯೂದರಾಗ ಮುಗೀತಾರಪಾ" ಎಂದು ಟೀಚರು ನನಗೆ ಹೇಳಿದ್ದುಂಟು. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಟೀಚರು ಹೇಳಿ ಬರೆಸಿದ ಪ್ರಶ್ನೆಪತ್ರಿಕೆಯಲ್ಲಿದ್ದ ಒಂದೆರಡು ಪ್ರಶ್ನೆಗಳನ್ನು ಪಂಪಣ್ಣನವರು ಕಟಿಂಗ್ ಅಂಗಡಿಯಲ್ಲಿ, ಹೆಂಡತಿಯ ಜಾಣತನ ಹೊಗಳುವ ಉತ್ಸಾಹದಲ್ಲಿ, ಜೋರಾಗಿ ಹೇಳಿಬಿಟ್ಟರು. ಪಕ್ಕದ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದವನ ಮಗ ಹತ್ತನೆಯ ತರಗತಿಯಲ್ಲಿದ್ದ. ಪತ್ರಿಕೆ ರದ್ದಾಯಿತು. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ; ಆದರೂ ಹತ್ತನೆಯ ತರಗತಿಯನ್ನು ಟೀಚರ ಕೈಯಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು. "ಪೇಪರ್ ನೀವ ಸ್ವಂತ ತಗಿಯಾಕ ಆದ್ರ ಮತ್ತ ನೋಡೋಣ್ರಿ ಮೇಡಂ" ಎಂದರಂತೆ. ಸ್ವಂತ ಅನ್ನುವ ಮಾತು ಟೀಚರನ್ನು ಚುಚ್ಚಿತ್ತು.

ಆಗ ಟೀಚರು ಹಳೆಯ ಕಂಪ್ಯೂಟರೊಂದನ್ನು ತರಿಸಿ ಮನೆಯಲ್ಲಿಟ್ಟರು. ಅಂಧರಿಗೆ ಓದಿ ಹೇಳುವ ತಂತ್ರಾಂಶಗಳು ಆಗಲೂ ಇದ್ದವು, ಆದರೆ ಅವರು ವಿಚಾರಿಸಿದವೆಲ್ಲ ಇಂಗ್ಲಿಷು ಮಾತ್ರ ಆಡುತ್ತಿದ್ದವು. ಎಲ್ಲೋ ತರಬೇತಿಗೆ ಹೋದಾಗ ಯಾರೋ ಒಂದು ಸೀಡಿ ಕೊಟ್ಟು, ಇದು ಲಿನಕ್ಸು ಅಂತ, ಕಂಪ್ಯೂಟರನ್ನೇ ನಡೆಸುವ ತಂತ್ರಾಂಶ, ಹೊಸದಾಗಿ ಬಂದಿದೆ, ಇದು ಕನ್ನಡ ಮಾತಾಡುತ್ತದೆ ಎಂದರಂತೆ. ಹೊಸದು ಅಂದರೆ ಇನ್ನೂ ಹಸಿ ಬಾಣಂತಿಯ ಕೂಸು. ಎಲ್ಲಿ ಅಳುತ್ತದೆ, ಯಾಕೆ ಅಳುತ್ತದೆ ಎಂದು ಹೆತ್ತವರಿಗೇ ಗೊತ್ತಿರಲಿಲ್ಲ. ಅದನ್ನು ಹಾಕಿಕೊಡಲು ನನಗೆ ಫೋನು ಬಂತು.

"ಎರ್ರಿಸ್ವಾಮಿ, ನೀ ಕಂಪ್ಯೂಟರಿನಾಗ ಬಾಳ ಶಾಣ್ಯಾ ಅದೀಯಂತಲ್ಲ?"

ಆ ಧ್ವನಿಗೆ ಇಲ್ಲ ಎನ್ನುವ ಶಕ್ತಿ ನನಗೆ ಹೈಸ್ಕೂಲಿನಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಕುರುಗೋಡಿನ ಬಸ್ಸು ಹತ್ತಿದೆ. ಸೀಡಿ ಹಾಕಿದ ಕೂಡಲೇ ಮೇಲೊಂದು ಪೆಂಗ್ವಿನ್ ಹಕ್ಕಿ ಬಂದು ಕೂತಿತು, ಕೆಳಗೆ ಬಿಳಿ ಅಕ್ಷರಗಳು ಸಂತೆಯ ಜನದ ಹಾಗೆ ಓಡತೊಡಗಿದವು. ಆಮೇಲೆ ಅದು ಪ್ರಶ್ನೆ ಕೇಳಲು ಶುರುಮಾಡಿತು. ಡಿಸ್ಕನ್ನು ಎಷ್ಟು ಪಾಲು ಮಾಡಲಿ, ಇದ್ದದ್ದನ್ನೆಲ್ಲ ಅಳಿಸಲೇ, ನಿಜವಾಗಿಯೂ ಅಳಿಸಲೇ. ಅಣ್ಣತಮ್ಮಂದಿರ ಆಸ್ತಿ ಪಾಲು ಮಾಡುವ ಹಿರಿಯನಂತೆ ನಾನು ಬೆವರುತ್ತಾ ಉತ್ತರ ಕೊಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಂತು. ಮತ್ತೆ ಮೊದಲಿನಿಂದ ಪಾಲು. ಸಂಜೆಯ ಹೊತ್ತಿಗೆ ಎಲ್ಲ ಮುಗಿದು, ಯಂತ್ರ ತಾನಾಗಿ ಆರಿ, ತಾನಾಗಿ ಹೊತ್ತಿಕೊಂಡು, ಪರದೆ ಕಪ್ಪಾಯಿತು.

ಕಪ್ಪು ಅಂದರೆ ಮಸಿ ಕಪ್ಪು. ಅದರ ನಡುವೆ ಸಣ್ಣ ಚೌಕವೊಂದು ತೇಲಾಡುತ್ತಾ, ಬರುತ್ತಿರುವ ಚಿತ್ರ ತನ್ನ ಅಳವಿಗೆ ಮೀರಿದ್ದು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು.

"ಏನಾತಪಾ?" ಎಂದರು ಟೀಚರು.

"ಏನೂ ಕಾಣವಲ್ದುರಿ ಟೀಚರ್" ಎಂದುಬಿಟ್ಟು, ಯಾರಿಗೆ ಹೇಳುತ್ತಿದ್ದೇನೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು. "ಇರ್ಲಿ ಬಿಡು, ರೂಢಿ ಆಗ್ತೈತಿ" ಎಂದರು.

ಆಮೇಲಿನ ಭಾನುವಾರಗಳ ಸುಸ್ತನ್ನು ಈಗ ನೆನೆದರೂ ಸೊಂಟ ನೋಯುತ್ತದೆ. ವಾರವಿಡೀ ಬ್ಯಾಂಕಿನಲ್ಲಿ ಬಗ್ಗಿ, ಭಾನುವಾರ ಕುರುಗೋಡಿನಲ್ಲಿ ಬಗ್ಗುವುದು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಸರಿದು, ಬರೀ ಬಿಳಿ ಅಕ್ಷರಗಳ ಒಂದು ಹಳೆಯ ಕಾಲದ ಪುಟ ಬರುತ್ತಿತ್ತು. ಅಲ್ಲಿ ಒಂದು ಕಡತ ತೆರೆದು, ಮಾನಿಟರಿನ ಮಿಡಿತ ಎಷ್ಟು ಎಂದು ಅಂಕಿ ಬರೆಯಬೇಕು. ಅಂಕಿ ತಪ್ಪಾದರೆ ಮಾನಿಟರು ಸುಟ್ಟೇ ಹೋದೀತು ಎಂಬ ಎಚ್ಚರಿಕೆಯನ್ನೂ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ. ಸರಿಯಾದ ಅಂಕಿ ಮಾನಿಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇರಬೇಕಿತ್ತು; ಆ ಚೀಟಿಯನ್ನು ಯಾವುದೋ ಕಾಲದ ಒರೆಸುವ ಬಟ್ಟೆ ನುಂಗಿತ್ತು. ನಾನು ಒಂದು ಅಂಕಿ ಬರೆಯುವುದು, ಕಣ್ಣು ಮುಚ್ಚಿ ಗುಂಡಿ ಒತ್ತುವುದು, ಸುಟ್ಟ ವಾಸನೆ ಬರುತ್ತದೆಯೇ ಎಂದು ಮೂಗರಳಿಸುವುದು. ಪಂಪಣ್ಣನವರು ನನ್ನ ಪಕ್ಕದಲ್ಲಿ ನಿಂತು ತಾವೂ ಮೂಗರಳಿಸುತ್ತಿದ್ದರು. ವಾಸನೆ ಬರುತ್ತಿದ್ದುದು ಅಡುಗೆಮನೆಯ ಒಗ್ಗರಣೆಯದು. ಪರದೆ ಮಾತ್ರ ಕಪ್ಪು.

ಸಿರುಗುಪ್ಪದಲ್ಲಿ ಹಳೆಯ ಕಂಪ್ಯೂಟರುಗಳನ್ನು ಇಟ್ಟುಕೊಂಡಿದ್ದ ಖಾದರ್ ಭಾಯ್ ಎಂಬ ಗೆಳೆಯನಿದ್ದ. ಇನ್ನೊಂದು ಭಾನುವಾರ ಅಲ್ಲಿಗೆ ಹೋದೆ. ಅವನು ನನ್ನ ಮುಖ ನೋಡಿ ಮೊದಲು ಚಹಾ ತರಿಸಿದ. "ಸ್ವಾಮಿ, ಸಿಸ್ಟಮ್ ಕೆಟ್ಟೈತೋ, ನೀನ ಕೆಟ್ಟೀಯೋ?" ಎಂದು ಕೇಳಿ, ಬೇರೆ ಮಾನಿಟರೊಂದನ್ನು ಕೊಟ್ಟ. ಆ ಕಾಲದ ಮಾನಿಟರುಗಳು ಈಗಿನಂತೆ ಹಪ್ಪಳವಲ್ಲ. ಹಿಂದೆ ಗುಡಾಣದಂಥ ಬೆನ್ನು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಪ್ರತಿ ಗುಂಡಿಗೂ ಅದನ್ನು ತಬ್ಬಿಕೊಳ್ಳುತ್ತಾ ಬಂದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಯಾರಿಗಪಾ ಟೀವಿ, ಮಗಳಿಗೇನು?" ಎಂದು ಕೇಳಿದಳು. ಹೌದೆಂದೆ. ವಿವರಿಸುವ ತ್ರಾಣವಿರಲಿಲ್ಲ.

ಹೊಸ ಮಾನಿಟರಿನಲ್ಲಿ ಚಿತ್ರ ಬಂತು. ಒಂದಲ್ಲ, ನಾಲ್ಕು. ಇಳಕಲ್ ಸೀರೆಯ ಅಂಚಿನಂಥ ನೇರಳೆ ಗೆರೆಗಳ ನಡುವೆ ಒಂದೇ ಪುಟ ನಾಲ್ಕು ಕಡೆ ಮುರಿದು ಬಿದ್ದಿತ್ತು. ಮೌಸ್ ಅಲ್ಲಾಡಿಸಿದರೆ ನಾಲ್ಕು ಬಾಣಗಳು ಕವಾಯತು ಮಾಡುತ್ತಿದ್ದವು. ನಾನು ಕುರ್ಚಿಗೆ ಒರಗಿ ತಲೆಯ ಮೇಲೆ ಕೈ ಹೊತ್ತು ಕೂತೆ. ಬಿಟ್ಟುಬಿಡೋಣ, ನನಗೆ ಇದು ಬರುವುದಿಲ್ಲ ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರೇ ಕೇಳಿದರು:

"ಎರ್ರಿಸ್ವಾಮಿ, ಅದೇನೋ ಮೂರು ಕೀಲಿ ಒತ್ತಿ ಬಿಳಿ ಅಕ್ಷರಕ್ಕ ಹೋಗ್ತೀಯಲ್ಲ, ಅಲ್ಲಿ ನೀ ಹೇಳಿದ್ದು ಅದು ಕೇಳ್ತೈತೇನು?"

"ಕೇಳ್ತೈತ್ರಿ ಟೀಚರ್. ಅಲ್ಲಿ ಎಲ್ಲಾ ಕೇಳ್ತೈತಿ. ಚಿತ್ರ ಬರಂಗಿಲ್ಲ, ಅಷ್ಟ."

"ಮತ್ತ ಅಲ್ಲಿಂದ ಮಾತಾಡಾಕ ಏನು ಧಾಡಿ ಅದಕ್ಕ?"

ನಾನು ಪರದೆಯ ಮೇಲಿನ ನಾಲ್ಕು ಪುಟಗಳ ಕಡೆ ಬೆರಳು ತೋರಿಸಿದೆ.

"ಚಿತ್ರ ಯಾರಿಗ್ಬೇಕಲೇ?" ಎಂದರು ಟೀಚರು, ತೀರಾ ಮೆಲ್ಲಗೆ.

ಪರದೆ ಎಂಬ ಮಾತು ನಮಗೆ ಉರ್ದುವಿನಿಂದ ಬಂದದ್ದು. ಮರೆ ಮಾಡುವುದು ಅದರ ಕೆಲಸ. ಅದೇ ಹೆಸರನ್ನು ತೋರಿಸುವ ವಸ್ತುವಿಗೆ ಯಾರು ಇಟ್ಟರೋ. ಚಿಕ್ಕಂದಿನಲ್ಲಿ ನೋಡಿದ ಒಂದು ಕಂಪನಿ ನಾಟಕದಲ್ಲಿ ಪರದೆ ಅರ್ಧಕ್ಕೆ ಸಿಕ್ಕಿಕೊಂಡು, ದುರ್ಯೋಧನನ ಮೊಣಕಾಲಿನಿಂದ ಕೆಳಗೆ ಮಾತ್ರ ಕಾಣುತ್ತಿತ್ತು. ಆ ನಟ ಜಗ್ಗಲಿಲ್ಲ. ಮರೆಯಲ್ಲೇ ನಿಂತು ಇಡೀ ಮಾತನ್ನು ಗುಡುಗಿದ. ಜನ ಕಾಲುಗಳಿಗೇ ಚಪ್ಪಾಳೆ ಹೊಡೆದರು. ಅಷ್ಟೊಂದು ಭಾನುವಾರ ನಾನು ಮಾತನ್ನು ಬಿಟ್ಟು ಪರದೆಯ ಹಗ್ಗವನ್ನೇ ಜಗ್ಗುತ್ತಿದ್ದೆ, ಅದೂ ಯಾರು ನೋಡಲೆಂದು? ನಾನು ನೋಡಲೆಂದು.

ಚಿತ್ರವಿಲ್ಲದೆ, ಬರೀ ಅಕ್ಷರಗಳಲ್ಲೇ ಎದ್ದೇಳು ಎಂದು ಯಂತ್ರಕ್ಕೆ ಹೇಳಿಟ್ಟೆ. ಮಾತಾಡುವ ತಂತ್ರಾಂಶ ಶುರುಮಾಡಿದೆ. ಮಾತಿಲ್ಲ. ಸ್ಪೀಕರು ನೋಡಿದೆ, ವೈರು ನೋಡಿದೆ. ಕೊನೆಗೆ ತಿಳಿದದ್ದು, ಆ ಲಿನಕ್ಸು ಹುಟ್ಟುವಾಗಲೇ ತನ್ನ ದನಿಯನ್ನು ಪೂರ್ತಿ ಇಳಿಸಿಕೊಂಡೇ ಹುಟ್ಟುತ್ತದೆ. ನಾವೇ ಹುಡುಕಿ ಏರಿಸಬೇಕು. ಏರಿಸಿದೆ. ಟೀಚರು ತಡವರಿಸುತ್ತಾ, ನಾನು ತೋರಿಸಿಕೊಟ್ಟ ಕೀಲಿಗಳನ್ನು ಎಣಿಸುತ್ತಾ, ತಮ್ಮ ಊರಿನ ಹೆಸರನ್ನು ಒತ್ತಿದರು.

"ಕು-ರು-ಗೋ-ಡು" ಎಂದಿತು ಯಂತ್ರ. ನೆಗಡಿಯಾದವನೊಬ್ಬ ಕೊಳವೆಯೊಳಗಿಂದ ಕೂಗಿದಂತೆ.

ಟೀಚರು ಸ್ಪೀಕರಿನ ಕಡೆ ಬಾಗಿದರು. ಮತ್ತೆ ಅದನ್ನೇ ಕೇಳಿಸಿಕೊಂಡರು. ಮತ್ತೊಮ್ಮೆ.

"ಥೂ, ಇದಕ್ಕಿಂತ ನಾ ಚಂದ ಓದ್ತೀನಿ" ಎಂದರು ಪಂಪಣ್ಣನವರು.

"ಚಂದ ಓದ್ತೀರಿ. ಆದ್ರ ಇದು ನಡುವ ಬಿಡಂಗಿಲ್ರಿ" ಎಂದರು ಟೀಚರು. ಪಂಪಣ್ಣನವರು ಕೋಪಿಸಿಕೊಳ್ಳಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು.

ಆಮೇಲೆ ನಾನು ಹೋಗುತ್ತಿದ್ದುದು ರಿಪೇರಿಗಲ್ಲ, ಸುಮ್ಮನೆ ನೋಡಲಿಕ್ಕೆ. ಟೀಚರು ಕಿವಿಗೆ ಹೆಡ್‌ಫೋನ್ ಏರಿಸಿ ಪ್ರಶ್ನೆಪತ್ರಿಕೆ ಹೊಡೆಯುತ್ತಾ ಕೂತಿರುತ್ತಿದ್ದರು. ಆ ಅಕ್ಷರಗಳ ಪುಟಕ್ಕೆ ಕನ್ನಡ ಬರೆಯಲು ಗೊತ್ತಿತ್ತು, ತೋರಿಸಲು ಗೊತ್ತಿರಲಿಲ್ಲ. ಪರದೆಯ ಮೇಲೆ ಸಾಲಾಗಿ ಖಾಲಿ ಚೌಕಗಳು ಮೂಡುತ್ತಿದ್ದವು, ಅಷ್ಟೇ. ಎರಡು ಕಣ್ಣು ನೆಟ್ಟಗಿದ್ದ ನಾನು ಪಕ್ಕದಲ್ಲೇ ಕೂತಿದ್ದರೂ ಒಂದಕ್ಷರ ಓದಲಾಗುತ್ತಿರಲಿಲ್ಲ. ಪಂಪಣ್ಣನವರೂ ಒಮ್ಮೆ ಬಗ್ಗಿ ನೋಡಿ, "ಏನ್ ಬರ್ಯಾಕತ್ಯಾಳೋ ದೇವರಿಗೇ ಗೊತ್ತು" ಎಂದು ನಿಟ್ಟುಸಿರಿಟ್ಟರು. ಕಟಿಂಗ್ ಅಂಗಡಿಯ ಮಟ್ಟಿಗೆ ಇದಕ್ಕಿಂತ ಭದ್ರವಾದ ಬೀಗ ಇನ್ನೊಂದಿರಲಿಲ್ಲ. ಸ್ವಲ್ಪ ದಿನಕ್ಕೆ ಟೀಚರು ಆ ಮಾನಿಟರನ್ನೂ ತೆಗೆಸಿ, "ಮೇಜು ಅಗಲ ಆತು" ಎಂದರು. ನಾನು ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪಕ್ಕೆ ಮುಟ್ಟಿಸಿದೆ.

ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಟೀಚರು ತಾವೇ ಹೋಗಿ ಹತ್ತನೆಯ ತರಗತಿಯ ಪತ್ರಿಕೆಯನ್ನು ಮುಖ್ಯೋಪಾಧ್ಯಾಯರಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟರು. ಆಫೀಸಿನ ಕಂಪ್ಯೂಟರಿನಲ್ಲಿ ಚೌಕಗಳೆಲ್ಲ ಬಿಚ್ಚಿಕೊಂಡು ಕನ್ನಡವಾಗಿ ನಿಂತವು. ಅವರು ಎರಡು ಸಲ ಓದಿ, ಒಂದು ಕಡೆ ದೀರ್ಘ ತಪ್ಪಿದೆ ಎಂದಷ್ಟೇ ಹೇಳಿ, ಬಾಗಿಲು ಹಾಕಿಕೊಂಡು ಪ್ರಿಂಟಿಗೆ ಕೊಟ್ಟರಂತೆ. ಮುಂದಿನ ಅವಧಿಯ ವೇಳಾಪಟ್ಟಿಯಲ್ಲಿ ಹತ್ತನೆಯ ತರಗತಿಯ ಇತಿಹಾಸದ ಎದುರು ಟೀಚರ ಹೆಸರು ಬಂತು.

ಆ ಪರೀಕ್ಷೆ ನಡೆದ ದಿನ ನಾನು ಯಾವುದೋ ಕೆಲಸಕ್ಕೆ ಕುರುಗೋಡಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಯೂನಿಫಾರ್ಮಿನ ಹುಡುಗರ ಗುಂಪೊಂದು ಸಪ್ಪೆ ಮುಖ ಹಾಕಿಕೊಂಡು ನಿಂತಿತ್ತು.

"ಯಾರಲೇ ಪೇಪರ್ ತಗದಾರು? ಜೀವಾ ತಿಂದ್ರು."

"ಹಂಪಮ್ಮ ಟೀಚರ್ ಅಂತ. ಕಾರಣ ಕೊಡಿ, ಕಾರಣ ಕೊಡಿ! ಎಲ್ಲಿಂದ ಕೊಡೂದಲೇ ಕಾರಣ?"

"ಮುಂದಿನ ಸಲಾನೂ ಅವ್ರದ ಪೇಪರ್ ಅಂತ."

"ಸತ್ವಿ ಹಂಗಾರ."

ನನಗೆ ತಡೆಯಲಾಗಲಿಲ್ಲ. ನಿಲ್ದಾಣದ ಮೂಲೆಗೆ ಸರಿದು ಟೀಚರಿಗೆ ಫೋನು ಮಾಡಿ, ಕೇಳಿದ್ದನ್ನೆಲ್ಲ ಹೇಳಿದೆ. ಬೇಸರವಾಯಿತೇನೋ, ಹೇಳಬಾರದಿತ್ತೇನೋ ಎಂದುಕೊಂಡೆ.

"ಬಾಳ ಬೈದ್ರೇನು?" ಎಂದರು ಟೀಚರು.

"ಬಾಳ ಬೈದ್ರುರಿ, ಟೀಚರ್."

"ಕಣ್ಣು ಹೋದಾಗಿಂದ ಹುಡುಗ್ರು ನನ್ನ ಬೈಯೂದ ಬಿಟ್ಟಿದ್ರು ನೋಡಪಾ" ಎಂದರು. "ಬರೇ ಪಾಪ, ಪಾಪ ಅಂತಿದ್ರು."

ಅವರ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದೇ ಮೊದಲು ಕೇಳಿದ್ದು. ಬಳ್ಳಾರಿ ಬಸ್ಸು ಬಂತು, ಕಿಟಕಿಯ ಸೀಟೂ ಸಿಕ್ಕಿತು. ಊರು ಮುಟ್ಟುವ ತನಕ ಹಾಯಾಗಿ ನಿದ್ದೆ ಹೊಡೆದೆ.