ಪಾರಿಯ ಉಡದಾರ

ಹಿತ್ತಾಳೆಯ ಪರಾತದ ಮೇಲೆ ಒಂದು ಹಿಡಿ ಹುಣಸೆಬೀಜ ಸುರಿದರೆ ಎಂಥ ಸದ್ದಾಗುತ್ತದೆ ಎಂಬುದು ಕೇಳಿದವರಿಗೇ ಗೊತ್ತು. ಮೊದಲು ಒಂದೆರಡು ಬೀಜ ಟಣ್ ಎಂದು ಬಿದ್ದು, ಹಿಂದೆಯೇ ಉಳಿದವೆಲ್ಲ ಒಮ್ಮೆಲೇ ಧಾರೆಯಾಗಿ ಇಳಿದು, ಕೊನೆಗೆ ಒಂದೇ ಒಂದು ಬೀಜ ಪರಾತದ ಅಂಚಿನಗುಂಟ ಗಿರಗಿರನೆ ತಿರುಗಿ ತಿರುಗಿ ನಿಲ್ಲುವ ಸದ್ದು. ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಸದ್ದಾದರೆ ಕಾಳಿನ ಚೀಲದ ಮೇಲೆ ಮಲಗಿದ ಬೆಕ್ಕು ಕಿವಿ ನಿಮಿರಿಸುತ್ತಿತ್ತು, ಅಂಗಳದ ಎಮ್ಮೆ ಕತ್ತು ಹೊರಳಿಸುತ್ತಿತ್ತು, ನಾನು ಮತ್ತು ತಮ್ಮ ಶಂಕರ ಎಲ್ಲಿದ್ದರೂ ಓಡಿ ಬರುತ್ತಿದ್ದೆವು. ತಂಗಿ ಪಾರಿ ಮಾತ್ರ ಪರಾತಕ್ಕೆ ಬೆನ್ನು ಮಾಡಿ ಕೂತು, ಕೈಯಲ್ಲಿದ್ದ ಬೆಲ್ಲದ ಚೂರನ್ನು ನೆಕ್ಕುತ್ತಲೇ ಇರುತ್ತಿದ್ದಳು. ನೀಲತ್ತೆ ಬೀಜಗಳನ್ನು ಬಳಿದು ತುಂಬಿಕೊಂಡು ಮತ್ತೊಮ್ಮೆ ಸುರಿಯುತ್ತಿದ್ದಳು, ಇನ್ನೂ ಎತ್ತರದಿಂದ, ಇನ್ನೂ ಹತ್ತಿರ. ಪಾರಿ ನೆಕ್ಕುತ್ತಲೇ ಇರುತ್ತಿದ್ದಳು. ನೀಲತ್ತೆಯ ಮುಖ ಆಗ ಹೇಗಾಗುತ್ತಿತ್ತು ಎಂದು ಬರೆಯುವ ಶಕ್ತಿ ನನಗಿಲ್ಲ.

ಈಗ ಗಜೇಂದ್ರಗಡದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಅಶ್ವಿನಿಗೆ ಎರಡು ಮಕ್ಕಳು, ಮೂರು ವರ್ಷದ್ದೊಂದು, ಹತ್ತು ತಿಂಗಳದ್ದೊಂದು. ಅವಳ ಫೋನಿನಲ್ಲಿ ಆ ಎರಡೂ ಕೂಸುಗಳ ಜಾತಕವೇ ಇದೆ. ಅದನ್ನು ಅವಳು ಆ್ಯಪ್ ಎನ್ನುತ್ತಾಳೆ. ದೊಡ್ಡದು ಎಷ್ಟು ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಿತು, ಸಣ್ಣದು ಕರೆದರೆ ತಿರುಗುತ್ತದೋ ಇಲ್ಲವೋ ಎಂದು ವಾರಕ್ಕೊಮ್ಮೆ ಅದು ಕೇಳುತ್ತದೆ, ಇವಳು ಹೆಬ್ಬೆರಳಿನಿಂದ ಉತ್ತರ ಒತ್ತುತ್ತಾಳೆ. ಇಬ್ಬರನ್ನೂ ಕೂಡಿಸಿಕೊಂಡು ಮನೆಯಲ್ಲೇ ಏನು ಕಲಿಸಬೇಕೆಂದೂ ಅದೇ ಹೇಳುತ್ತದೆ. ಇವಕ್ಕೆಲ್ಲ ಮೈಲ್‌ಸ್ಟೋನ್ಸ್ ಅಂತ ಹೆಸರು. ಹೋದ ತಿಂಗಳು ಸಣ್ಣದು ಎರಡು ಬೆರಳಿನಿಂದ ಚುರುಮುರಿ ಹೆಕ್ಕುತ್ತಿಲ್ಲವೆಂದು ಫೋನು ಕೆಂಪು ಗುರುತು ತೋರಿಸಿತು. ಮಾರನೆಯ ದಿನವೇ ಮನೆ ಮಂದಿಯೆಲ್ಲ ಕಾರು ಹತ್ತಿ ಹುಬ್ಬಳ್ಳಿಯ ಡಾಕ್ಟರರ ಮುಂದೆ ಕೂತಿದ್ದರು. ಕೂಸಿಗೆ ಏನೂ ಆಗಿರಲಿಲ್ಲ. ಅವರು ಹೋದದ್ದು ತಪ್ಪೆಂದು ನಾನು ಅನ್ನುವುದಿಲ್ಲ, ಹೋದದ್ದೇ ಚಲೋ ಆಯಿತು. ಆದರೆ ಅವತ್ತಿಡೀ ನನಗೆ ಊಟ ಸೇರಲಿಲ್ಲ. ಆ ಫೋನಿಗೆ ಗಂಡ ಇದ್ದಾನೋ ಸತ್ತಿದ್ದಾನೋ ಎಂದು ಯಾರೂ ಕೇಳಲಿಲ್ಲ. ಅದು ಹಡೆದಿದೆಯೋ ಇಲ್ಲವೋ, ಸಾಲಿ ಕಲಿತಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅದು ಹೇಳಿತು, ಇವರು ಎದ್ದರು. ನೀಲತ್ತೆ ಎರಡು ವರ್ಷ ಹೇಳಿದಳು, ಒಬ್ಬರೂ ಏಳಲಿಲ್ಲ.

ನೀಲತ್ತೆ ನನ್ನ ಅಜ್ಜನ ತಮ್ಮನ ಮಗಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಅಸೂಟಿಯ ಗಂಡನ ಮನೆಯಿಂದ ನಮ್ಮ ಮನೆಗೆ ಬಂದವಳು. ಅಪ್ಪ ಅರಳೆಯ ವ್ಯಾಪಾರದಲ್ಲಿ ವಾರವೆಲ್ಲ ನರಗುಂದದಲ್ಲೇ ಇರುತ್ತಿದ್ದ, ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಹೀಗಾಗಿ ನಾವು ಮೂವರೂ ನೀಲತ್ತೆಯ ಕೈಯಲ್ಲೇ ಬೆಳೆದೆವು. ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಶಂಕರ ಸಾಲಿಗೆ ಹೋಗುವ ಮೊದಲೇ ಹುಣಸೆಬೀಜ ಇಟ್ಟು ಐವತ್ತರ ತನಕ ಎಣಿಸುತ್ತಿದ್ದ. ಕಲಸಿದ ಕಾಳಿನ ರಾಶಿಯಿಂದ ಹೆಸರು ಬೇರೆ, ಮಡಕಿ ಬೇರೆ, ಅಲಸಂದಿ ಬೇರೆ ಮಾಡುತ್ತ ಕೂಡುವುದೇ ನಮ್ಮ ಕಿಂಡರ್‌ಗಾರ್ಟನ್. ಕೂಸಿನ ಮುಂದೆ ಚುರುಮುರಿ ಹರವಿ ಅದು ಮುಷ್ಟಿಯಿಂದ ಬಾಚುತ್ತದೋ ಬೆರಳಿನಿಂದ ಹೆಕ್ಕುತ್ತದೋ ಎಂದು ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅರವತ್ತೈದು ವರ್ಷದ ಮೇಲೆ ಆ ಆ್ಯಪ್ ಕೇಳಿದ್ದು ಇದನ್ನೇ ಅಲ್ಲವೇ?

ಇದನ್ನೆಲ್ಲ ಆಕೆ ನೆನಪಿಟ್ಟುಕೊಳ್ಳುತ್ತಿದ್ದ ಬಗೆ ಬೇರೆ. ನಮ್ಮ ಕಡೆ ಕೂಸಿನ ಸೊಂಟಕ್ಕೆ ಕರಿ ದಾರ ಕಟ್ಟುತ್ತಾರೆ, ಅದೇ ಉಡದಾರ. ಹೊಟ್ಟೆ ಬೆಳೆದು ದಾರ ಬಿಗಿಯಾದರೆ ಬಿಚ್ಚಿ ಹೊಸದು ಕಟ್ಟುವುದು. ಬಿಚ್ಚಿದ್ದನ್ನು ಎಲ್ಲರೂ ಯಾವುದಾದರೂ ಗಿಡದ ಬುಡಕ್ಕೆ ಎಸೆದುಬಿಡುತ್ತಾರೆ. ನೀಲತ್ತೆ ಎಸೆಯುತ್ತಿರಲಿಲ್ಲ. ಆ ದಾರ ಸೊಂಟದಲ್ಲಿದ್ದಷ್ಟು ದಿನ ಕೂಸು ಏನೇನು ಕಲಿಯಿತೋ ಅದಕ್ಕೆ ಒಂದೊಂದು ಗಂಟು ಹಾಕುತ್ತಿದ್ದಳು. ಹಲ್ಲಿಗೆ ಒಂದು ಗಂಟು, ತಾನಾಗಿ ಕೂತದ್ದಕ್ಕೆ ಜೋಡಿ ಗಂಟು, ಹೆಜ್ಜೆ ಇಟ್ಟದ್ದಕ್ಕೆ ಮೂರು. ಮಾತಿಗೆ ಮಾತ್ರ ಕೆಂಪು ನೂಲಿನ ಎಳೆ, ಒಂದು ಮಾತಿಗೆ ಒಂದು. ಅಡುಗೆಮನೆಯ ಗೋಡೆಯಲ್ಲಿ ಮೂರು ಗೂಟ, ಗೂಟಕ್ಕೊಂದು ಕೂಸಿನ ದಾರದ ಕಟ್ಟು. ನನ್ನ ಕಟ್ಟಿನಲ್ಲಿ ಕೆಂಪೇ ಹೆಚ್ಚು, ನಾನು ಬಾಯಿಬಡಕಿ. ಶಂಕರನದು ತಡವಾಗಿ ಕೆಂಪಾಗಿತ್ತು. ಪಾರಿಯ ದಾರಗಳನ್ನು ನಮ್ಮ ದಾರಗಳ ಪಕ್ಕ ಇಟ್ಟು ಅಳೆದರೆ ಉದ್ದ ಸಮ, ಗಂಟುಗಳೂ ಸಮ. ಕೂತದ್ದು ನಮಗಿಂತ ಮೊದಲು, ನಡೆದದ್ದು ಶಂಕರನಿಗಿಂತ ಮೊದಲು. ಕೆಂಪು ಮಾತ್ರ ಒಂದೆಳೆಯೂ ಇಲ್ಲ.

ಪಾರಿಗೆ ವರ್ಷ ತುಂಬಿದಾಗಲೇ ಆಕೆ ಈ ಮಾತನ್ನು ಅಜ್ಜನ ಮುಂದೆ ಎತ್ತಿದ್ದಳು. ಎರಡು ತುಂಬಿದಾಗ ದಾರಗಳನ್ನೇ ತಂದು ಹರವಿದಳು. ಶಂಕರನೂ ತಡವಾಗಿಯೇ ಮಾತಾಡಿದ್ದಾನೆ, ಹುಡುಗಿ ಹಟಮಾರಿ, ಬೇಕಂತಲೇ ತಿರುಗುವುದಿಲ್ಲ ಎಂದು ಅಜ್ಜ ಅಂದ. ನೀಲತ್ತೆ ಸೆರಗು ಸರಿಮಾಡಿಕೊಂಡು, "ಶಂಕ್ರ ತಡಾ ಮಾತಾಡಿದಾ ಖರೇರಿ ದೊಡಪ್ಪಾ. ಆದ್ರ ಕರದ್ರ ಹೊಳ್ಳಿ ನೋಡ್ತಿದ್ದ. ಈಕಿ ನೋಡೂದಿಲ್ಲ. ಕೂಸಿಗೆ ಕೇಳಸೂದಿಲ್ರಿ," ಎಂದಳು. ಅಜ್ಜ ಪಡಸಾಲೆಯಲ್ಲಿದ್ದವರ ಕಡೆ ನೋಡಿ ನಕ್ಕ. "ಹಡೀಲಾರದಾಕಿ ಹಡದಾಕಿಗೆ ಪಾಠ ಹೇಳಾಕ ಬಂದಾಳ ನೋಡ್ರಿ." ಎಲ್ಲರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಒಲೆಯ ಕಡೆ ತಿರುಗಿದಳು. ನನಗೂ ನಗು ಬಂದಿತ್ತು. ಇದನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ನಾನಾಗ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಬೋರ್ಡಿಂಗ್ ಹುಡುಗಿ. ರೋಣದಿಂದ ಅಷ್ಟು ದೂರ ಸಾಲಿಗೆ ಹೋದ ಮೊದಲ ಹೆಣ್ಣುಮಗು ನಾನೇ ಎಂದು ಅಜ್ಜನಿಗೆ ಬಹಳ ಜಂಬ. ಮರುವರ್ಷ ಬೇಸಿಗೆ ರಜೆಗೆ ಮನೆಗೆ ಬಂದಿದ್ದೆ, ನನಗೆ ಹತ್ತು, ಪಾರಿಗೆ ಮೂರು. ಹೊಳೆಆಲೂರಿನಲ್ಲಿ ಹೊಳೆಗೆ ಪೂಜೆ ಮಾಡುವ ಹರಕೆ ಇದೆ, ಹುಡುಗಿಯರಿಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ನೀಲತ್ತೆ ಅಜ್ಜನ ಅಪ್ಪಣೆ ಪಡೆದಳು. ನಾವು ಹೊಳೆಯ ಕಡೆ ತಿರುಗಿಯೂ ನೋಡಲಿಲ್ಲ, ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿಯ ಗಾಡಿ ಹತ್ತಿದೆವು. ದವಾಖಾನೆಯಲ್ಲಿ ಡಾಕ್ಟರರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ನೀನೇ ಹೇಳಬೇಕು ಎಂದು ದಾರಿಯುದ್ದಕ್ಕೂ ನನಗೆ ಕಲಿಸಿದಳು. ನಾನು 'ಗುಡ್ ಮಾರ್ನಿಂಗ್, ಡಾಕ್ಟರ್, ಮೈ ಸಿಸ್ಟರ್ ಡಸ್ ನಾಟ್ ಹಿಯರ್' ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಡಾಕ್ಟರರು ನೋಡಿದರೆ ನಮ್ಮ ಕಡೆಯವರೇ. ನೀಲತ್ತೆ ಸೊಂಟದ ಸಂಚಿಯಿಂದ ಮೂರು ಕಟ್ಟು ದಾರ ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಒಂದೊಂದು ಗಂಟಿನ ಅರ್ಥವನ್ನೂ ಕೇಳಿದರು. ಆಮೇಲೆ ಪಾರಿಯನ್ನು ಪರೀಕ್ಷೆ ಮಾಡಿ, ಹಿಂದೆ ಗಂಟೆ ಬಾರಿಸಿ, ಚಪ್ಪಾಳೆ ತಟ್ಟಿ, ಕೊನೆಗೆ ತಮ್ಮ ಜಾಗಕ್ಕೆ ಬಂದು ಕೂತು, "ಇದನ್ನೆಲ್ಲಾ ನಿಮಗ ಯಾರು ಕಲಿಸಿದ್ರಿ ಅವ್ವಾರ?" ಎಂದು ಕೇಳಿದರು.

"ಹುಡುಗೂರ ಕಲಿಸಿದ್ರಿ," ಎಂದಳು ನೀಲತ್ತೆ.

ಹುಬ್ಬಳ್ಳಿಯಲ್ಲೇ ಕಿವಿ ಕೇಳದ ಮಕ್ಕಳ ಸಾಲಿ ಒಂದಿದೆ ಎಂದು ಡಾಕ್ಟರರು ಹೇಳಿದರು. ಅಲ್ಲಿ ಕೈಸನ್ನೆ ಕಲಿಸುತ್ತಾರೆ, ಓದು ಬರಹ ಕಲಿಸುತ್ತಾರೆ, ತುಟಿ ನೋಡಿ ಮಾತು ತಿಳಿಯುವುದನ್ನೂ ಕಲಿಸುತ್ತಾರೆ. ಎಷ್ಟು ಬೇಗ ಸೇರಿಸಿದರೆ ಅಷ್ಟು ಚಲೋ, ವಯಸ್ಸು ಕಳೆದರೆ ಕಷ್ಟ. ಸಾಲಿಯವರ ಕೂಡ ಮಾತಾಡಿ ಮನೆಗೆ ಕಾಗದ ಬರೆಯುತ್ತೇನೆ ಎಂದರು. ಗಾಡಿಯಲ್ಲಿ ಬರುವಾಗ ನೀಲತ್ತೆ ಪಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಿಂದ ಕಂಡದ್ದಕ್ಕೆಲ್ಲ ಒಂದೊಂದು ಸನ್ನೆ ಮಾಡಿ ತೋರಿಸುತ್ತಿದ್ದಳು. ಅವರಿಬ್ಬರ ನಡುವೆ ಆಗಲೇ ಇಪ್ಪತ್ತು ಮೂವತ್ತು ಸನ್ನೆಗಳಿದ್ದವು. ನೀರು, ರೊಟ್ಟಿ, ಬೆಕ್ಕು. ನನ್ನನ್ನು ಹೇಳಲು ಜಡೆ ಎಳೆದು ತೋರಿಸುವುದು, ನೀಲತ್ತೆ ಎಂದರೆ ಸೊಂಟದ ಸುತ್ತ ಬೆರಳು ಆಡಿಸುವುದು.

ಕಾಗದ ಬಂದದ್ದು ಮೇ ತಿಂಗಳ ಕೊನೆಗೆ, ಇಂಗ್ಲಿಷಿನಲ್ಲಿ, ಅಜ್ಜನ ಹೆಸರಿಗೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಅಜ್ಜ ಪಡಸಾಲೆಯಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಓದಿಸಿದ. ಪಾರಿಗೆ ಸೀಟು ಇಟ್ಟಿದ್ದೇವೆ, ಜೂನಿನಲ್ಲಿ ಕರೆತನ್ನಿ, ಬರುತ್ತೀರೋ ಇಲ್ಲವೋ ತಿಳಿಸಿ ಎಂದಿತ್ತು. ಹರಕೆಯ ಸುಳ್ಳೂ ಅದರೊಂದಿಗೇ ಬಯಲಾಯಿತು. ಅಜ್ಜ ಕೂಗಾಡುತ್ತಾನೆಂದು ನಾನು ಕಾದೆ, ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ, "ನಾಳೆ ನಿನ್ನ ನೋಡಾಕ ಬಂದ ಗಂಡಿನವರು ಮೂಕಿಯ ಅಕ್ಕ ಅಂತಾರ. ಬೇಕೇನು ನಿನಗ?" ಎಂದು ಕೇಳಿದ. ಬೇಡ ಎಂದು ತಲೆ ಅಲ್ಲಾಡಿಸಿದೆ. ಹಂಗಾದರೆ ಬರಿ ಎಂದ. ನಾನು ಬರೆದೆ. 'ರೆಸ್ಪೆಕ್ಟೆಡ್ ಸರ್, ದಿ ಚೈಲ್ಡ್ ಈಸ್ ನೌ ಸ್ಪೀಕಿಂಗ್ ನೈಸ್ಲಿ. ವಿ ಡೂ ನಾಟ್ ರಿಕ್ವೈರ್ ದಿ ಸೀಟ್.' ಸಿಸ್ಟರುಗಳು ಬೆರಳಿಗೆ ಸ್ಕೇಲಿನಿಂದ ಹೊಡೆದು ತಿದ್ದಿದ ಕರ್ಸಿವ್, ಒಂದು ಚಿತ್ತಿಲ್ಲ, ಒಂದು ಸ್ಪೆಲಿಂಗ್ ತಪ್ಪಿಲ್ಲ. ಅಜ್ಜ ಅದನ್ನು ಕೂತವರಿಗೆಲ್ಲ ತೋರಿಸಿದ. ಮುತ್ತು ಪೋಣಿಸಿದ ಹಾಗಿದೆ ಅಂದರು. ನನಗೆ ಖುಷಿಯಾಗಿತ್ತು, ಗಾಡ್ ಫರ್ಗಿವ್ ಮಿ.

ನೀಲತ್ತೆ ಆಗ ಹಿತ್ತಲಲ್ಲಿದ್ದಳು. ಅಪ್ಪಣೆ ಮೀರಿದವಳಿಗೆ ಈ ಮನೆಯಲ್ಲಿ ಜಾಗವಿಲ್ಲವೆಂದು ಅದೇ ವಾರ ಆಕೆಯನ್ನು ಅಸೂಟಿಗೆ, ಮೈದುನನ ಮನೆಗೆ ಕಳಿಸಿಬಿಟ್ಟರು. ಮೂರು ಕಟ್ಟು ದಾರ ಒಲೆಗೆ ಬಿದ್ದವು, ಯಾರು ಹಾಕಿದರೋ ಹೇಳಲಿಲ್ಲ. ಜೂನಿನಲ್ಲಿ ನಾನು ಟ್ರಂಕು ತುಂಬಿಕೊಂಡು ಹುಬ್ಬಳ್ಳಿಗೆ ಹೋದೆ. ಅದೇ ಊರಿಗೆ, ಅದೇ ಗಾಡಿಯಲ್ಲಿ. ಪಾರಿ ಮನೆಯಲ್ಲಿ ಉಳಿದಳು. ಹೊಸ್ತಿಲ ಮೇಲೆ ನಿಂತು ಹೋಗಿ ಬರುವವರಿಗೆಲ್ಲ ಸೊಂಟದ ಸುತ್ತ ಬೆರಳು ಆಡಿಸಿ ತೋರಿಸುತ್ತಿದ್ದಳು ಎಂದು ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಹೊಟ್ಟೆ ನೋವಿರಬೇಕೆಂದು ಓಮಿನ ಕಾಳು ತಿನ್ನಿಸಿದರಂತೆ. ದೀಪಾವಳಿಗೆ ನಾನು ಬರುವ ಹೊತ್ತಿಗೆ ಅದನ್ನು ಮಾಡುವುದನ್ನು ಬಿಟ್ಟಿದ್ದಳು.

ಪಾರಿ ಐವತ್ತೆರಡು ವರ್ಷ ಬದುಕಿದಳು. ರೊಟ್ಟಿ ಬಡಿದಳು, ಮುಸುರೆ ತಿಕ್ಕಿದಳು, ನನ್ನ ಮಕ್ಕಳನ್ನೂ ಶಂಕರನ ಮಕ್ಕಳನ್ನೂ ಎತ್ತಿ ಆಡಿಸಿದಳು. ಪಂಕ್ತಿಗೆ ಎಷ್ಟು ಜನ ಕೂಡುತ್ತಾರೆಂದು ಒಮ್ಮೆ ನೋಡಿದರೆ ಅಷ್ಟೇ ತಾಟು ತರುತ್ತಿದ್ದಳು, ಒಂದೂ ಹೆಚ್ಚು ಕಡಿಮೆ ಇಲ್ಲ. ತನ್ನ ಹೆಸರು ಪಾರ್ವತಿ ಎಂಬುದು ಮಾತ್ರ ಆಕೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಯಾರೂ ಕಲಿಸಲಿಲ್ಲ. ಆಕೆಯ ಮಣ್ಣಿಗೆ ಬಂದವರು, ಪಾಪ, ದೇವರು ಕೊಟ್ಟದ್ದಕ್ಕೆ ಯಾರೇನು ಮಾಡೋದು ಎಂದರು. ನನಗೆ ಮೈಯೆಲ್ಲ ಉರಿಯಿತು. ದೇವರು ಕಿವಿ ಕೊಡಲಿಲ್ಲ, ನಿಜ. ಆದರೆ ಅದನ್ನು ಕಂಡುಹಿಡಿಯುವ ಕಣ್ಣನ್ನು ಅದೇ ಮನೆಯಲ್ಲಿಟ್ಟಿದ್ದ. ಡಾಕ್ಟರನನ್ನು ಕೊಟ್ಟಿದ್ದ, ಸಾಲಿ ಕೊಟ್ಟಿದ್ದ, ಸೀಟು ಕೊಟ್ಟಿದ್ದ. ಬೇಡ ಎಂದು ಬರೆದವರು ನಾವು. ನಮ್ಮ ಮಾನವನ್ನು ದೇವರ ಹೆಸರಿಗೆ ಹಾಕಿ ಕೈ ತೊಳೆದುಕೊಳ್ಳುವುದು ಎಷ್ಟು ಸುಲಭ. ನನ್ನ ಮದುವೆ ಚಲೋ ಮನೆತನಕ್ಕೇ ಆಯಿತು. ಅದಕ್ಕೆ ಕೊಟ್ಟ ವರದಕ್ಷಿಣೆ ಪಾರಿಯ ಮಾತು ಎಂದು ಬೀಗರಿಗೆ ಗೊತ್ತಿರಲಿಲ್ಲ, ಅಷ್ಟೇ.

ನೀಲತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ನನಗೆ ಮೂವತ್ತನಾಲ್ಕಾದಾಗ. ಅಜ್ಜ ತೀರಿದ ಮೇಲೆ, ಪಾರಿ ಇನ್ನೂ ಇದ್ದಾಗ, ಧೈರ್ಯ ಮಾಡಿ ಒಬ್ಬಳೇ ಅಸೂಟಿಗೆ ಹೋದೆ. ಆಕೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು, ಗಲ್ಲ ಹಿಡಿಯಲು ಬಂದವಳು ಕೈಯ ಖಾರ ನೆನಪಾಗಿ ಹಿಂದೆ ತೆಗೆದುಕೊಂಡಳು. ಪಾರಿ ಹೇಗಿದ್ದಾಳೆ, ಬದನೆಕಾಯಿ ಈಗಲಾದರೂ ತಿನ್ನುತ್ತಾಳೋ, ಚಳಿಗಾಲದಲ್ಲಿ ಹಿಮ್ಮಡಿ ಒಡೆಯುತ್ತದೋ ಎಂದೆಲ್ಲ ಕೇಳಿದಳು. ನಾನು ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದ ಮಾತನ್ನು ಕೊನೆಗೆ ಹೊರಗೆ ಹಾಕಿದೆ. ಆ ಕಾಗದ ಬರೆದದ್ದು ನಾನು ಎಂದೆ.

ಆಕೆ ಮತ್ತೆ ಕೂತು ಒಂದು ಮೆಣಸಿನಕಾಯಿ ಕೈಗೆ ತೆಗೆದುಕೊಂಡಳು. "ಗೊತ್ತಿತ್ತವಾ," ಎಂದಳು. "ಮನ್ಯಾಗ ಇಂಗ್ಲೀಷ ಬರೂದು ನಿನಗೊಬ್ಬಾಕಿಗೇ ಅಲ್ಲೇನು?"

ಇಪ್ಪತ್ತನಾಲ್ಕು ವರ್ಷ ಗೊತ್ತಿತ್ತು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಎರಡರಲ್ಲಿ ಒಂದನ್ನು ಬಯಸಿ ಹೋಗಿದ್ದೆ. ಒಳಗೆ ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು, ತಿಂದೆ. ಸಂಜೆ ಬಸ್ಸಿಗೆ ಬಿಡಲು ರಸ್ತೆಯ ತನಕ ಬಂದಳು. ಬಸ್ಸು ನಿಂತಾಗ ನನಗಿಂತ ಮುಂದೆ ಹೋಗಿ ಬಾಗಿಲ ಸರಳು ಹಿಡಿದು, ಕಂಡಕ್ಟರನಿಗೆ, "ಈಕೀನ ರೋಣದಾಗ ಇಳಸರಿ. ಸಣ್ಣಾಕಿ, ಗೊತ್ತಾಗೂದಿಲ್ಲ ಆಕಿಗೆ," ಎಂದಳು. ಆತ ನನ್ನ ಕೂದಲಿನ ಬಿಳಿ ಎಳೆಗಳನ್ನೂ ಹೆಗಲ ಮೇಲಿನ ಬ್ಯಾಗನ್ನೂ ನೋಡಿ ನಕ್ಕ. ನಾನು ಸೀಟು ಹಿಡಿದು ಕಿಟಕಿಯಿಂದ ತಲೆ ಹೊರಗೆ ಹಾಕುವುದರೊಳಗೆ ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಆಗಲೇ ಮನೆಯ ಹಾದಿ ಹಿಡಿದಿದ್ದಳು.